"ನೀವು ಬಂದ್ರೆ ಜನ ನಗ್ತಾರೆ": ಉಮಾಶ್ರೀ ಎಂಬ ಒಂದು ಪ್ರಕರಣ

ಮೊದಲು ನಮ್ಮ ತಂಡದ ಜಗಳ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಉಡುಪಿಯಲ್ಲಿ ಕೂತವನಿಗೆ ತುಮಕೂರು ಕಡೆಯ ಒಬ್ಬ ನಟಿಯ ಜಾತಕ ಬಿಡಿಸುವ ಉಸಾಬರಿ ಎಂತಕ್ಕೆ ಅಂತ ನೀವು ಕೇಳಬಹುದು.

ನಮ್ಮದು ಹವ್ಯಾಸಿ ತಂಡ. ಬ್ಯಾಂಕು, ಶಾಲೆ, ಅಂಗಡಿ ಮುಗಿಸಿ ರಾತ್ರಿ ಏಳೂವರೆಗೆ ಒಂದು ಹಾಲ್‌ನಲ್ಲಿ ಸೇರುವವರು. ತಂಡದಲ್ಲಿ ಒಬ್ಬರು ಅಕ್ಕ ಇದ್ದಾರೆ, ಹೆಸರು ಬೇಡ. ಹನ್ನೊಂದು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಹನ್ನೊಂದು ವರ್ಷವೂ ಅವರಿಗೆ ಸಿಕ್ಕಿದ್ದು ಕೆಲಸದವಳು, ಬಾಯಿಬಡುಕಿ ಅತ್ತೆ, ಮೀನು ಮಾರುವವಳು, ಇವೇ. ಬುಟ್ಟಿ ಹೊತ್ತು ಅವರು ವಿಂಗ್‌ನಿಂದ, ಅಂದರೆ ರಂಗದ ಪಕ್ಕದ ಮರೆಯಿಂದ, ಒಂದು ಕಾಲು ಹೊರಗಿಟ್ಟರೆ ಸಾಕು, ಮಾತು ಶುರುವಾಗುವ ಮೊದಲೇ ಸಭೆ ನಗುತ್ತದೆ. ಹೊಸ ನಾಟಕಕ್ಕೆ ಪಾತ್ರ ಹಂಚುವ ದಿನ ಅವರು ಮೊದಲ ಸಲ ಬಾಯಿಬಿಟ್ಟು ಕೇಳಿದರು. "ಅಣ್ಣ, ಈ ಸಲ ಆ ತಾಯಿಯ ಪಾತ್ರ ನಂಗೆ ಕೊಡ್ತೀರಾ?" ಕಡಲಿಗೆ ಹೋದ ಮಗ ವಾಪಸು ಬಾರದ ತಾಯಿ ಅದು. ನಿರ್ದೇಶಕ ನಾನೇ. ನಾನು ಹೇಳಿದೆ: "ಬೇಜಾರು ಮಾಡ್ಕೊಳ್ಬೇಡಿ ಅಕ್ಕ. ನೀವು ಬಂದ್ರೆ ಜನ ನಗ್ತಾರೆ."

ಅವರು ಎಂತದೂ ಹೇಳಲಿಲ್ಲ. ಚಾ ಲೋಟಗಳನ್ನು ತೊಳೆದು ಕವುಚಿ ಇಟ್ಟು ಹೋದರು. ರಾತ್ರಿ ವಾಟ್ಸಾಪ್‌ನಲ್ಲಿ ಒಂದೇ ಸಾಲು ಬಂತು. "ಉಮಾಶ್ರೀ ಬಂದಾಗ್ಲೂ ಜನ ನಗ್ತಿದ್ರು ಅಲ್ವಾ ಅಣ್ಣ?"

ಒಳ್ಳೇ ಪೆಟ್ಟು. ಉತ್ತರ ಕೊಡಲಿಕ್ಕೆ ಹೊರಟು ನಾನು ಆ ನಟಿಯ ದಾರಿಯನ್ನು ಸ್ವಲ್ಪ ಸರಿಯಾಗಿ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಕರಣ ಇಷ್ಟು. ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ನಾಟಕದಿಂದ ಸಿನಿಮಾಕ್ಕೆ ಬಂದವರು. 1984ರ ಕಾಶೀನಾಥ್ ಅವರ 'ಅನುಭವ' ಅವರನ್ನು ಮನೆಮಾತು ಮಾಡಿತು, ಅದೇ ಏಟಿಗೆ ಹಣೆಯ ಮೇಲೆ ಒಂದು ಮುದ್ರೆಯನ್ನೂ ಒತ್ತಿತು. ಆಮೇಲೆ ವರ್ಷಗಟ್ಟಲೆ ಹಾಸ್ಯ, ಅದರಲ್ಲೂ ಎರಡರ್ಥದ ಮಾತಿನ ಹಾಸ್ಯ. ಎನ್.ಎಸ್. ರಾವ್ ಮತ್ತು ಉಮಾಶ್ರೀ ಜೋಡಿ ಅಂದರೆ ಟಾಕೀಸಿನ ಮುಂದಿನ ಬೆಂಚಿನವರಿಗೆ ಹಬ್ಬ. ನಮ್ಮ ಮನೆಯ ಟಿವಿಯಲ್ಲಿ ಅಂಥ ದೃಶ್ಯ ಬಂದರೆ ಅಪ್ಪ ಸುಮ್ನೆ ಕೆಮ್ಮುತ್ತಾ ಎದ್ದು ಬಾವಿಕಟ್ಟೆ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಾನು ಯಾರ ಕಡೆ ನೋಡಬೇಕೋ ತಿಳಿಯದೆ ಗೋಡೆ ನೋಡುತ್ತಿದ್ದೆ.

ಅದೇ ನಟಿಗೆ 2007ರ ಸಾಲಿನ, ಅಂದರೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಅಂತ ಹೆಸರು ಬಂತು. ಚಿತ್ರ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. ಘೋಷಣೆಯಾದಾಗ ಅವರಿಗೆ ಐವತ್ತು ದಾಟಿತ್ತು. ಕನ್ನಡ ಚಿತ್ರಕ್ಕೆ ಈ ಗೌರವ ತಂದವರು ಅದಕ್ಕೂ ಮೊದಲು ಇಬ್ಬರೇ, 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ ಮತ್ತು 'ಹಸೀನಾ' ಚಿತ್ರದ ತಾರಾ. ಆ ವರ್ಷ ತಮಿಳಿನ 'ಕಾಂಚೀವರಂ' ಚಿತ್ರಕ್ಕೆ ಅತ್ಯುತ್ತಮ ನಟ ಆದದ್ದು ಪ್ರಕಾಶ್ ರಾಜ್. ಅಂದರೆ ಗಂಡು ಹೆಣ್ಣು ಎರಡೂ ಪ್ರಶಸ್ತಿ ಕನ್ನಡ ನಾಟಕದ ಹಲಗೆಯ ಮೇಲೆ ಓಡಾಡಿ ಬೆಳೆದವರಿಗೇ ಹೋಯಿತು. ನಾಟಕದವರು ಈ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇವೆ, ಕ್ಷಮಿಸಿ.

1984ರಿಂದ ಆ ಪ್ರಶಸ್ತಿಯವರೆಗೆ ಎರಡು ದಶಕಕ್ಕಿಂತ ಜಾಸ್ತಿ. ನಡುವೆ ಆದದ್ದೇನು? ಆಕೆ ಹೊಸದಾಗಿ ನಟನೆ ಕಲಿತರಾ? ಅಥವಾ ಇದ್ದದ್ದನ್ನು ಯಾರೂ ನೋಡಿರಲಿಲ್ಲವಾ?

ನೋಡಿದವರು ಇದ್ದರು. ಆದರೆ ಅವರು ಕೂತಿದ್ದದ್ದು ಬೇರೆ ಜಾಗದಲ್ಲಿ. ಬೆಂಗಳೂರಿನ ರಂಗಸಂಪದ ತಂಡ 1980ರ ದಶಕದಲ್ಲಿ ದೇವನೂರ ಮಹಾದೇವರ 'ಒಡಲಾಳ'ವನ್ನು ರಂಗಕ್ಕೆ ತಂದಿತು. ನಿರ್ದೇಶನ ಸಿ.ಜಿ. ಕೃಷ್ಣಸ್ವಾಮಿ, ರಂಗದವರ ಬಾಯಲ್ಲಿ ಸಿಜಿಕೆ. ಸಾಕವ್ವನಾಗಿ ಉಮಾಶ್ರೀ. ಕತೆ ಓದಿದವರಿಗೆ ಗೊತ್ತು, ಮುದುಕಿಯ ಹುಂಜ ಕಳೆದುಹೋಗಿದೆ, ಅವಳು ಕೇರಿಯೆಲ್ಲ ಹುಡುಕುತ್ತಾ ಕಂಡವರನ್ನೆಲ್ಲ ಬೈಯುತ್ತಾಳೆ. ಕೇಳಲಿಕ್ಕೆ ತಮಾಷೆಯೇ. ಒಂದು ಹುಂಜಕ್ಕೆ ಇಷ್ಟು ರಂಪ! ಆದರೆ ಆ ಮನೆಯಲ್ಲಿ ಒಂದು ಹುಂಜ ಅಂದರೆ ಎಷ್ಟು ಅಂತ ನಿಧಾನಕ್ಕೆ ಗೊತ್ತಾಗುತ್ತಾ ಹೋಗುತ್ತದೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ದೃಶ್ಯ ಇದೆಯಲ್ಲ, ಅಲ್ಲಿ ನಗು ಯಾವುದು, ಹಸಿವು ಯಾವುದು ಅಂತ ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಸಾಕವ್ವನ ಪಾತ್ರಕ್ಕೆ ಬೇಕಾದದ್ದು ಹಾಸ್ಯದ ಲೆಕ್ಕಾಚಾರವೇ. ಎಲ್ಲಿ ನಿಲ್ಲಿಸಬೇಕು, ಯಾವ ಬೈಗುಳವನ್ನು ಎಳೆಯಬೇಕು, ಯಾವುದನ್ನು ನುಂಗಬೇಕು. ಆಗ ಉಮಾಶ್ರೀಗೆ ಮೂವತ್ತರ ಆಸುಪಾಸು.

ಇದನ್ನು ಗಮನಿಸಿ. ಸಿನಿಮಾದವರು ಅವರ ಕೈಯಲ್ಲಿ ಎರಡರ್ಥದ ಮಾತು ಹೇಳಿಸುತ್ತಿದ್ದ ಕಾಲದಲ್ಲೇ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಕಡೆಯ ನಾಟಕದ ಜನ ಅವರನ್ನು ಸಾಕವ್ವನಾಗಿ ನೋಡುತ್ತಿದ್ದರು. ಒಂದೇ ಊರು, ಒಂದೇ ನಟಿ, ಎರಡು ಸಭೆ. ಹಾಗಾದರೆ ಸಿನಿಮಾ ಯಾಕೆ ಬಿಡಲಿಲ್ಲ? ಮನೆ ನಡೆಯಬೇಕಲ್ಲ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದ ಹೆಣ್ಣುಮಗಳು ಅವರು. ನಾಟಕ ಊಟ ಹಾಕುವುದಿಲ್ಲ ಅಂತ ನಾಟಕದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 'ಅಂಥ ಪಾತ್ರ ಎಂತಕ್ಕೆ ಒಪ್ಪಿಕೊಂಡರೋ' ಅಂತ ಸಂಬಳದ ಕೆಲಸ ಇರುವ ನಮ್ಮಂಥವರು ಹೇಳುವುದು ಸುಲಭ. ನಾನೂ ಒಂದು ಕಾಲದಲ್ಲಿ ಹೇಳಿದ್ದೇನೆ, ಆಗ ನನಗೆ ಇಪ್ಪತ್ತೆರಡು ವರ್ಷ ಮತ್ತು ಅಪ್ಪನ ಪೆನ್ಷನ್ ಬರುತ್ತಿತ್ತು.

ಈಗ ನಮ್ಮ ಕಡೆಯ ಒಂದು ವಿಷಯ. ಕರಾವಳಿಯಲ್ಲಿ ಆಟ, ಅಂದರೆ ಯಕ್ಷಗಾನ, ನೋಡಿ ಬೆಳೆದವರಿಗೆ ಹಾಸ್ಯಗಾರ ಅಂದರೆ ಏನು ಅಂತ ಗೊತ್ತು. ಯಕ್ಷಗಾನ ಮೇಳದಲ್ಲಿ ಹಾಡಿ ಆಟ ನಡೆಸುವ ಭಾಗವತರನ್ನು ಬಿಟ್ಟರೆ ಪ್ರಸಂಗದ ನಡೆ ಪೂರ್ತಿ ತಿಳಿದಿರುವವನು ಹಾಸ್ಯಗಾರ, ಹಾಗಿರಬೇಕು ಅಂತಲೇ ಲೆಕ್ಕ. ಬಾಗಿಲು ಕಾಯುವ ದೂತ ಅವನೇ, ಬ್ರಾಹ್ಮಣ ಅವನೇ, ಮುದುಕಿ ಅವನೇ, ಮಡಿವಾಳ ಅವನೇ. ರಾತ್ರಿಗೆ ನಾಲ್ಕು ಸಲ ಬಣ್ಣ ಬದಲು ಮಾಡಬೇಕು. ಮಿಜಾರು ಅಣ್ಣಪ್ಪನವರ ಹಾಸ್ಯ ಉಂಟು ಅಂತ ಗೊತ್ತಾದರೆ ಜನ ಎರಡು ಗದ್ದೆ ದಾಟಿ ಬರುತ್ತಿದ್ದ ಕಾಲ ಇತ್ತು. ಎಲ್ಲಕ್ಕಿಂತ ದೊಡ್ಡದು ನಳದಮಯಂತಿಯ ಬಾಹುಕ. ಕಾರ್ಕೋಟಕ ಕಚ್ಚಿ ನಳ ಮಹಾರಾಜ ಕುರೂಪಿ ಬಾಹುಕ ಆಗುತ್ತಾನಲ್ಲ, ಆ ಬಾಹುಕನ ವೇಷ ಹೋಗುವುದು ಹಾಸ್ಯಗಾರನಿಗೆ. ಸಭೆ ಅವನ ನಡಿಗೆ ನೋಡಿ ನಗುತ್ತದೆ, ಒಳಗಿರುವುದು ರಾಜ್ಯ ಹೆಂಡತಿ ಮಕ್ಕಳು ಎಲ್ಲವನ್ನೂ ಕಳಕೊಂಡ ರಾಜ ಅಂತಲೂ ಅದೇ ಸಭೆಗೆ ಗೊತ್ತು. ಎರಡನ್ನೂ ಒಂದೇ ಮೈಯಲ್ಲಿ ಹಿಡಿಯುವವನು ಬೇಕು. ಅದಕ್ಕೇ ಹಿಂದಿನವರು ಅದನ್ನು ಹಾಸ್ಯಗಾರನಿಗೆ ಕೊಟ್ಟದ್ದು.

ಇಷ್ಟು ಗೊತ್ತಿದ್ದೂ ನಾನು ಆ ಅಕ್ಕನಿಗೆ 'ಜನ ನಗ್ತಾರೆ' ಅಂದೆ. ನೋಡಿ ನನ್ನ ಬುದ್ಧಿ.

ಸಿನಿಮಾಕ್ಕೆ ಹೋಗೋಣ. ಮುದ್ರೆ ಒಂದೇ ಸಲ ಅಳಿಸಿಹೋಗಲಿಲ್ಲ, ಅಲ್ಲಲ್ಲಿ ಬಿರುಕು ಬಿಡುತ್ತಾ ಬಂತು. 1995ರ 'ಪುಟ್ನಂಜ'ದಲ್ಲಿ ಅವರು ರವಿಚಂದ್ರನ್‌ಗೆ ಅಜ್ಜಿ. ರವಿಚಂದ್ರನ್‌ಗಿಂತ ನಾಲ್ಕೇ ವರ್ಷ ದೊಡ್ಡವರು, ಆದರೂ ಜನ ಅಜ್ಜಿ ಅಂತಲೇ ನಂಬಿದರು. ಆ ಪುಟ್ಮಲ್ಲಿಯನ್ನು ನೆನಪಿಟ್ಟುಕೊಂಡವರು ಎಷ್ಟೋ ಜನ ನಾಯಕಿಯನ್ನು ಮರೆತಿದ್ದಾರೆ. ನನಗೆ ಅನಿಸುವುದು, ಬೇರೆ ನಟಿಯರಿಗೆ ನಲವತ್ತಾದ ಮೇಲೆ ಬರುವ ತೊಂದರೆ ಇವರಿಗೆ ಬರಲೇ ಇಲ್ಲ. ಯೌವನದ ಮೇಲೆ ನಿಂತ ಕಸುಬು ಅವರದಾಗಿರಲಿಲ್ಲ. ನಾಟಕದಲ್ಲಿ ಮೂವತ್ತಕ್ಕೇ ಮುದುಕಿ ಆಗಿ ಮುಗಿಸಿದವರಿಗೆ ನಿಜವಾದ ವಯಸ್ಸು ಬಂದಾಗ ಹೆದರಿಕೆ ಎಲ್ಲಿಂದ?

ಆಮೇಲೆ ಬಂದದ್ದು ಗುಲಾಬಿ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಮ್ಮ ಊರಿನ ಕತೆ. ಮೂಲ ಕತೆ ವೈದೇಹಿಯವರದು, ಕುಂದಾಪುರದವರು. ಕಾಸರವಳ್ಳಿಯವರು ಮಲೆನಾಡಿನವರಾದರೂ ಸಿನಿಮಾ ಕಲಿಯಲಿಕ್ಕೆ ಪುಣೆಗೆ ಹೋಗುವ ಮೊದಲು ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದವರು. ಕತೆಯಲ್ಲಿ ಇರುವುದು ನಿಜವಾದ ಟಾಕೀಸು. ಚಿತ್ರದಲ್ಲಿ ಅದರ ಜಾಗಕ್ಕೆ ಟಿವಿ ಬಂದಿದೆ, ಕಾಲ 1990ರ ದಶಕದ ಕೊನೆಗೆ ಸರಿದಿದೆ.

ಗುಲಾಬಿ ಕುಂದಾಪುರ ಹತ್ತಿರದ ಮೀನುಗಾರರ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಇರುವ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸಾ ಇನ್ನೊಂದು ಸಂಸಾರ ಮಾಡಿಕೊಂಡು ದೂರವಾಗಿದ್ದಾನೆ. ಇವಳಿಗೆ ಸಿನಿಮಾದ ಹುಚ್ಚು. ಒಂದು ಮನೆಯವರು ಹೆರಿಗೆಗೆ ಅಂತ ಅವಳನ್ನು ಎಳಕೊಂಡು ಹೋಗುತ್ತಾರೆ, ಹೆರಿಗೆ ಸುಸೂತ್ರ ಆದ ಖುಷಿಗೆ ಡಿಶ್ ಆಂಟೆನಾ ಸಮೇತ ಬಣ್ಣದ ಟಿವಿ ಕೊಡುತ್ತಾರೆ. ಗಂಡಸರು ಕಡಲಿಗೆ ಇಳಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಬರುತ್ತಾರೆ. ಕೆಲವರು ಒಳಗೆ ಕೂರುತ್ತಾರೆ. ಕೆಲವರು ಮುಸ್ಲಿಮರ ಮನೆ ಅಂತ ಒಳಗೆ ಬಾರದೆ ಹೊರಗೇ ಕೂತು ನೋಡುತ್ತಾರೆ. ಆ ಹೊರಗೆ ಕೂತು ನೋಡುವುದು ಇದೆಯಲ್ಲ, ಅದನ್ನು ನಮ್ಮ ಬದಿಯವರು ಯಾರೂ ಕಟ್ಟುಕತೆ ಅನ್ನಲಿಕ್ಕಿಲ್ಲ.

ನಾನು ಆ ಚಿತ್ರವನ್ನು ಮೂರು ಸಲ ನೋಡಿದ್ದೇನೆ. ಎರಡು ಸಲ ಕತೆಗೆ, ಮೂರನೆಯದು ಅಕ್ಕನ ಮೆಸೇಜ್ ಬಂದ ಮೇಲೆ, ಬರೀ ಉಮಾಶ್ರೀಯ ಮುಖಕ್ಕೆ. ಕತ್ತಲಲ್ಲಿ ಕೂತು ಪರದೆ ನೋಡುವಾಗ ಗುಲಾಬಿಯ ಮುಖದ ಮೇಲೆ ಬೆಳಕು ಓಡುತ್ತದೆ. ಮಾತಿಲ್ಲ. ಬಾಯಿ ಒಂಚೂರು ತೆರೆದಿದೆ, ಕಣ್ಣು ಚಿಕ್ಕ ಮಗುವಿನದು. ಅದೇ ಮುಖ ಹೆರಿಗೆಯ ಮನೆಯಲ್ಲಿ ಬೇರೆ. ಅಲ್ಲಿ ಅವಳು ಯಜಮಾನಿ, ಕೈಗೆ ಕೆಲಸ ಗೊತ್ತು. ಗಂಡನ ಎದುರು ಮೂರನೆಯ ಮುಖ, ಬೈಯಲೋ ಕರೆಯಲೋ ಅಂತ ನಡುವೆ ಸಿಕ್ಕಿಹಾಕಿಕೊಂಡದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಬಿಟ್ಟುಬಿಟ್ಟ ಜಾಗಗಳು. ಹಾಸ್ಯದವರಿಗೆ ಸಭೆಯ ನಗು ಮುಗಿಯುವವರೆಗೆ ತಡೆದು ನಿಲ್ಲುವ ಅಭ್ಯಾಸ ಇರುತ್ತದೆ. ಇಲ್ಲಿ ಅವರು ಅದೇ ತಡೆಯನ್ನು ಇಟ್ಟಿದ್ದಾರೆ, ಆದರೆ ನಗು ಇಲ್ಲ. ಖಾಲಿ ಜಾಗ. ನೋಡುವವನಿಗೆ ಅಲ್ಲಿ ಕಾಲು ಜಾರುತ್ತದೆ.

ಭಾಷೆಯ ಬಗ್ಗೆ ಒಂದು ತಕರಾರು ಉಂಟು. ಕುಂದಾಪುರದ ಕಿವಿಗೆ ಅಲ್ಲಲ್ಲಿ ಅವರ ಮಾತು ಬಯಲುಸೀಮೆಯದು ಅಂತ ತಾಗುತ್ತದೆ. ನನ್ನ ಹೆಂಡತಿ ಗಂಗೊಳ್ಳಿ ಬದಿಯವಳು, ಮೊದಲ ಹತ್ತು ನಿಮಿಷ ಪ್ರತಿ ಮಾತನ್ನೂ ತಿದ್ದುತ್ತಾ ಕೂತಿದ್ದಳು. ಆಮೇಲೆ ಯಾವಾಗ ನಿಲ್ಲಿಸಿದಳು ಅಂತ ನಾನು ನೋಡಲಿಲ್ಲ.

ಚಿತ್ರದ ಉಳಿದ ಭಾಗ ಕಷ್ಟದ್ದು. ದೊಡ್ಡ ಬೋಟುಗಳಿಗೂ ಸಣ್ಣ ದೋಣಿಯವರಿಗೂ ಇರುವ ಜಗಳ, 1999ರ ಕಾರ್ಗಿಲ್ ಯುದ್ಧದ ಬಿಸಿ, ನೇತ್ರು ಅನ್ನುವ ಹುಡುಗಿ ಕಾಣೆಯಾದದ್ದು, ಎಲ್ಲ ಸೇರಿ ಗುಲಾಬಿಯ ತಲೆಗೆ ಬರುತ್ತದೆ. ಅವಳನ್ನು ಒತ್ತಾಯದಿಂದ ದೋಣಿ ಹತ್ತಿಸಿ ಕಳಿಸುತ್ತಾರೆ. ಕೊನೆಗೆ, ಮೊದಲು ಒಳಗೆ ಬರಲು ಒಪ್ಪದ ಇಬ್ಬರು ಮುದುಕಿಯರು ಅವಳಿಲ್ಲದ ಮನೆಗೆ ಟಿವಿ ನೋಡಲು ಹೋಗುತ್ತಾರೆ. ಉಮಾಶ್ರೀ ಪರದೆಯ ಮೇಲೆ ಇಲ್ಲದ ದೃಶ್ಯ ಅದು, ಆದರೂ ಅಲ್ಲಿ ಕಾಣುವುದು ಅವರೇ.

ಪ್ರಶಸ್ತಿ ಬಂದ ಮೇಲೆ ಎಲ್ಲ ಬದಲಾಯಿತಾ? ಅಷ್ಟೇನೂ ಇಲ್ಲ. ಕಾಸರವಳ್ಳಿಯವರೇ 2010ರ 'ಕನಸೆಂಬ ಕುದುರೆಯನೇರಿ' ಚಿತ್ರದಲ್ಲಿ ಅವರನ್ನು ರುದ್ರಿ ಮಾಡಿದರು, ಹೆಣ ಹೂಳಲು ಗುಂಡಿ ತೋಡುವ ಇರ್‍ಯನ ಹೆಂಡತಿ. ಇರ್‍ಯನಾಗಿ ವೈಜನಾಥ ಬಿರಾದಾರ್. ಅವರೂ ಸಿನಿಮಾದಲ್ಲಿ ಬರೀ ನಗಿಸುವವರು, ಭಿಕ್ಷುಕ ಕುಡುಕ ಇಂಥ ಪಾತ್ರಕ್ಕೆ ಕರೆಯುತ್ತಿದ್ದವರು. ಬಿರಾದಾರ್‌ಗೆ ಆ ಚಿತ್ರಕ್ಕೆ ಸ್ಪೇನಿನ ಮ್ಯಾಡ್ರಿಡ್‌ನ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. ಒಬ್ಬರಾದರೆ ಅದೃಷ್ಟ ಅನ್ನಬಹುದು. ಇಬ್ಬರೂ ಹಾಸ್ಯದ ಮುದ್ರೆಯವರು, ಇಬ್ಬರನ್ನೂ ಒಬ್ಬನೇ ನಿರ್ದೇಶಕ ಬೇರೆ ಕಣ್ಣಿಂದ ನೋಡಿದ್ದು. ಆದರೆ ಉಳಿದ ಉದ್ಯಮ ಅದನ್ನು ನೋಡಿ ಏನಾದರೂ ಕಲಿತ ಹಾಗೆ ನನಗೆ ಕಾಣಲಿಲ್ಲ.

ರಾಜಕೀಯದ್ದು ಬೇಗ ಹೇಳಿ ಮುಗಿಸುತ್ತೇನೆ. ವಿಧಾನ ಪರಿಷತ್ ಸದಸ್ಯೆ, 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಶಾಸಕಿ, ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯ ಮಂತ್ರಿ, 2018ರಲ್ಲಿ ಸೋಲು. ಆ ಐದು ವರ್ಷ ನಾಟಕಕ್ಕೆ ನಷ್ಟ ಅಂತ ನನ್ನ ಅಭಿಪ್ರಾಯ, ಮಂತ್ರಿಗಿರಿ ಹೇಗಿತ್ತು ಅಂತ ಬೇರೆಯವರು ಹೇಳಲಿ. ನನಗೆ ಹೆಚ್ಚು ಕುತೂಹಲ ಇರುವುದು ಅವರು ವಾಪಸು ಬಂದದ್ದರಲ್ಲಿ. ಬೇಲೂರು ರಘುನಂದನ್ ಬರೆದ, ಚಿದಂಬರರಾವ್ ಜಂಬೆ ನಿರ್ದೇಶಿಸಿದ 'ಶರ್ಮಿಷ್ಠೆ'ಯಲ್ಲಿ ರಂಗದ ಮೇಲೆ ಅವರೊಬ್ಬರೇ. ಏಕವ್ಯಕ್ತಿ ನಾಟಕ ಅಂದರೆ ನೀರು ಕುಡಿಯಲಿಕ್ಕೂ ವಿಂಗ್‌ಗೆ ಹೋಗಲಿಕ್ಕಾಗುವುದಿಲ್ಲ, ಮಾತು ಮರೆತರೆ ಎದುರು ಪಾತ್ರ ಇಲ್ಲ. ನಾನು ನಲವತ್ತಾರಕ್ಕೇ ಅದನ್ನು ಯೋಚನೆ ಮಾಡಿ ಬಿಟ್ಟವನು.

ಇನ್ನೊಂದು, ಇದು ನಮ್ಮ ಕಡೆಯವರಿಗೆ ಖುಷಿ ಕೊಟ್ಟದ್ದು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಅವರು ಮಂಥರೆಯಾಗಿ ಬಂದರು. ನಾನು ನೋಡಿದ್ದು ಮೊಬೈಲ್‌ನಲ್ಲಿ ಬಂದ ತುಣುಕುಗಳನ್ನಷ್ಟೇ. ಹೆಜ್ಜೆಯ ಬಗ್ಗೆ ನಮ್ಮವರು ಚಾದ ಅಂಗಡಿಯಲ್ಲಿ ಒಂದಿಷ್ಟು ಮಾತಾಡಿಕೊಂಡರು, ಮಾತಾಡದಿದ್ದರೆ ನಾವು ಕರಾವಳಿಯವರೇ ಅಲ್ಲ. ಆದರೆ ಯಾವ ವೇಷ ಅಂತ ನೋಡಿ. ಮಂಥರೆ ಆಟದಲ್ಲಿ ಹಾಸ್ಯಗಾರನ ಪಾಲಿನ ವೇಷ. ಗೂನು ಬೆನ್ನು, ಕೊಂಕು ಮಾತು, ಸಭೆ ನಗುತ್ತಿರುವಾಗಲೇ ಅಯೋಧ್ಯೆಗೆ ಬೆಂಕಿ ಇಡುವ ಕೆಲಸ. ಉಮಾಶ್ರೀ ಸುತ್ತಿ ಬಳಸಿ ಕೊನೆಗೆ ನಮ್ಮ ಹಾಸ್ಯಗಾರರ ಸಾಲಿಗೇ ಬಂದು ನಿಂತರು ಅಂತ ನನಗೆ ಅನಿಸಿತು.

ಈ ನಡುವೆ 2021ರ ಡಿಸೆಂಬರ್‌ನಿಂದ ಅವರು ಸಂಜೆ ಹೊತ್ತು ಮನೆಮನೆಯ ಟಿವಿಯಲ್ಲಿ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ ಆದರು. ಗಂಡ ಇನ್ನೊಬ್ಬಳ ಜೊತೆ ಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಹೆಂಗಸು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಮಲ್ಪೆಯಿಂದ ಮೀನು ತಂದು ಮಾರುವ ಒಬ್ಬರು ಹೆಂಗಸು ಇದ್ದಾರೆ, ಆ ಹೊತ್ತಿಗೆ ಅವರು ಫೋನು ಎತ್ತುತ್ತಿರಲಿಲ್ಲ. ಗುಲಾಬಿ ಗಂಡ ಬಿಟ್ಟುಹೋದವಳು, ಟಿವಿ ಇಟ್ಟುಕೊಂಡು ಊರ ಹೆಂಗಸರನ್ನು ಕರೆದವಳು. ಹದಿಮೂರು ಹದಿನಾಲ್ಕು ವರ್ಷ ಕಳೆದು ಅದೇ ನಟಿ ಟಿವಿಯ ಒಳಗೆ, ಗಂಡ ಬಿಟ್ಟುಹೋದವಳಾಗಿಯೇ. ಹೊರಗೆ ಕೂತು ನೋಡುತ್ತಿದ್ದವರು ಗುಲಾಬಿಯ ಅಕ್ಕಪಕ್ಕದವರು. ಆ ಮೀನಿನವರಿಗೆ ನಾನು 'ಗುಲಾಬಿ ಟಾಕೀಸ್' ಬಗ್ಗೆ ಹೇಳಿದೆ. "ಅದ್ಯಾವ ಥೇಟರು ಮಾರಾಯ್ರೆ?" ಅಂದರು.

ಇಷ್ಟೆಲ್ಲ ನೋಡಿ ನಾನು ಮಾಡಿದ್ದು ಒಂದೇ ಕೆಲಸ. ಪಾತ್ರ ಬದಲು ಮಾಡಿದೆ. ತಂಡದಲ್ಲಿ ಇಬ್ಬರಿಗೆ ಸಿಟ್ಟು ಬಂತು, ಒಬ್ಬರು ಇನ್ನೂ ಮಾತಾಡುವುದಿಲ್ಲ. ರಿಹರ್ಸಲ್‌ನಲ್ಲಿ ಮೊದಲ ಎರಡು ವಾರ ಅಕ್ಕ ಬಹಳ ಗಂಭೀರವಾಗಿ, ಬೊಂಬೆಯ ಹಾಗೆ ಮಾಡಿದರು. ಹಾಸ್ಯ ಎಲ್ಲಿ ತಪ್ಪಿ ಹೊರಗೆ ಬರುತ್ತದೋ ಅಂತ ಮೈ ಬಿಗಿ ಹಿಡಿದುಕೊಂಡಿದ್ದರು. ಅದು ನನ್ನ ಮಾತಿನಿಂದಲೇ ಆದದ್ದು. ಒಂದು ದಿನ ಅವರಿಗೆ ಹೇಳಿದೆ, ನಿಮ್ಮ ಮೀನಿನ ಪಾತ್ರದಲ್ಲಿ ಚಿಲ್ಲರೆ ಎಣಿಸುತ್ತಿದ್ದಿರಲ್ಲ, ಹಾಗೇ ಮಗನ ಅಂಗಿಯ ಗುಂಡಿ ಎಣಿಸಿ ಅಂತ. ಎಣಿಸಿದರು. ನಾಲ್ಕನೆಯದು ಇರಲಿಲ್ಲ, ಅದು ನಿಜವಾಗಿಯೂ ಉದುರಿಹೋದ ಹಳೇ ಅಂಗಿ. ಅವರ ಬೆರಳು ಅಲ್ಲೇ ನಿಂತಿತು. ಲೈಟಿನ ಹುಡುಗ ಮೊಬೈಲ್ ಕೆಳಗಿಟ್ಟ.

ಮೊದಲ ಪ್ರದರ್ಶನದ ದಿನ ಅವರು ರಂಗಕ್ಕೆ ಬಂದ ಕೂಡಲೇ ಜನ ನಕ್ಕರು. ಮುಂದಿನ ಮೂರು ಸಾಲಿನಲ್ಲಿ ನಮ್ಮ ಹಳೇ ಪ್ರೇಕ್ಷಕರೇ ಇದ್ದದ್ದು. ಎರಡನೇ ದೃಶ್ಯದಲ್ಲೂ ಯಾರೋ ಒಬ್ಬರು ತಪ್ಪು ಜಾಗದಲ್ಲಿ ಜೋರಾಗಿ ನಕ್ಕರು, ಆಮೇಲೆ ಅಕ್ಕಪಕ್ಕ ನೋಡಿ ಸುಮ್ಮನಾದರು. ನಾಟಕ ಮುಗಿದು ನಾನು ಒಳಗೆ ಹೋದಾಗ ಅಕ್ಕ ಕನ್ನಡಿ ಎದುರು ತಲೆಯ ಪಿನ್ನು ಒಂದೊಂದೇ ಕೀಳುತ್ತಿದ್ದರು.

"ನಕ್ರಲ್ಲ ಅಣ್ಣ?"

"ನಕ್ರು."

"ಎಷ್ಟೊತ್ತು?"

"ಎರಡನೇ ದೃಶ್ಯದವರೆಗೆ."

ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನನ್ನು ತೆಗೆದು ಡಬ್ಬಿಗೆ ಹಾಕಿದರು. "ಮುಂದಿನ ಶೋ ಬ್ರಹ್ಮಾವರದಲ್ಲಿ ಅಲ್ವಾ? ಅಲ್ಲಿಯವರು ನನ್ನ ಮೀನಿನ ಪಾತ್ರ ನೋಡಿಲ್ಲ."